ಎಂಬತ್ತು ಹೆಂಚು

"ಕಣ್ಣು ಹೋಗಿದ್ಯಾ ನಿಂಗೆ? ಮೊಟ್ಟೆ ತೇಲ್ತಾ ಅದೆ, ನೋಡಾ! ತೇಲ್ತು ಅಂದ್ರೆ ನೀರು ಗಟ್ಟಿ ಅದೆ ಅಂತ. ನಿನ್ನ ಮೀಟರಿಗೆ ಬೆಂಕಿ ಹಾಕು!"

"ಬೆಂಕಿ ಹಾಕೂದು ನಿನ್ನ ತಲೆಗೆ. ಮನೆ ಮುಳುಗ್ತದೆ ಅಂತ ಹೇಳೂಕೆ ಬಂದ್ರೆ ಮೊಟ್ಟೆ ತೋರಿಸ್ತಿ."

"ಎರಡು ವರ್ಷದ ಹಿಂದೂ ಹೀಂಗೇ ಹೇಳಿದ್ರಿ. ಮುಳುಗ್ತದೆ, ಮುಳುಗ್ತದೆ, ಎಲ್ಲಾ ಚೆಲ್ಲಿ ಅಂತ. ಎರಡು ಆಡು ಮಾರಿದೆ, ನೀರಿನ ಟಾಕಿ ಒಡೆದೆ. ಎಂತಾ ಮುಳುಗ್ತು? ನಿಮ್ಮ ಮೀಟರೇ ಕೆಟ್ಟಿತ್ತು. ನನ್ನ ಮೊಟ್ಟೆ ಯಾವತ್ತಾದ್ರೂ ಕೆಟ್ಟಿತ್ತಾ?"

ನನಗೆ ಸಿಟ್ಟು ನೆತ್ತಿಗೇರಿತು. ಅಕ್ಕ ಬುದವಂತಿ ತನ್ನ ಮನೆ ಹೊತ್ತ ತೆಪ್ಪದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಅವಳ ಕಾಲ ಬುಡದಲ್ಲಿ, ಬಿದಿರಿನ ಬಳೆಯೊಳಗೆ, ಮೊಟ್ಟೆ ಬೆನ್ನು ತೋರಿಸಿಕೊಂಡು ತೇಲುತ್ತಿತ್ತು. ಬಗ್ಗಿ ಎತ್ತಿದವನೇ ಹಲಗೆಯ ಮೇಲೆ ಕುಕ್ಕಿದೆ. ಎಂಥಾ ನಾತ! ಆಚೆಯ ತೆಪ್ಪದವರು ಮೂಗು ಮುಚ್ಚಿಕೊಂಡು ಒಳಗೆ ಓಡಿದರು. ಅಕ್ಕನ ಸೊಸೆ ಸಾವಿತ್ರಿ ಸೆರಗು ಬಾಯಿಗೆ ಒತ್ತಿಕೊಂಡು ಓಕರಿಸಿದಳು.

"ಕೆಟ್ಟಿತ್ತಾ ಅಂತ ಕೇಳ್ದೆ ಅಲ್ದಾ? ಮೂಸಿ ನೋಡು."

ನಾವು ಆಗರದ ಮಕ್ಕಳು, ಅಂದರೆ ಉಪ್ಪು ಬೆಳೆಯುವವರ ಮಕ್ಕಳು. ಸಮುದ್ರ ಏರಿ ಊರು ನುಂಗುವ ಮೊದಲು ಅಪ್ಪ ಅಳಿವೆಯಂಚಿನ ತಗ್ಗು ಗದ್ದೆ ಗಜನಿಯ ಮಡಿಗಳಲ್ಲಿ ಉಪ್ಪು ಕಟ್ಟುತ್ತಿದ್ದ. ಮಡಿಯ ನೀರು ಹದಕ್ಕೆ ಬಂತೋ ಇಲ್ಲವೋ ನೋಡಲು ಅವನು ಮಾಡುತ್ತಿದ್ದುದು ಒಂದೇ ಕೆಲಸ, ಹಸಿ ಮೊಟ್ಟೆ ಬಿಡುವುದು. ಸಮುದ್ರದ ನೀರಿನಲ್ಲಿ ಹಸಿ ಮೊಟ್ಟೆ ತಳ ಸೇರುತ್ತದೆ. ಬಿಸಿಲಿಗೆ ನೀರು ಆರಿ ಉಪ್ಪು ಗಟ್ಟಿಯಾದಾಗ ಮೇಲೆ ಬರುತ್ತದೆ. ಆದರೆ ಅಪ್ಪನ ಕಾಲದಲ್ಲಿ ದಂಡೆ ತುಂಬ ಕೋಳಿಗಳಿದ್ದವು. ಅವನು ಬಿಡುತ್ತಿದ್ದುದು ಅವತ್ತು ಬೆಳಿಗ್ಗೆ ಇಟ್ಟ ಮೊಟ್ಟೆ. ತೆಪ್ಪಕ್ಕೆ ಬಂದ ಮೇಲೆ ಕೋಳಿ ಕಡಿಮೆಯಾದವು. ಚೌತಿಯ ದಿನದ ಒಂದು ಮೊಟ್ಟೆಯನ್ನು ದೇವರ ಗೂಡಿನಲ್ಲಿಟ್ಟು ವರ್ಷಪೂರ್ತಿ ಅದರಲ್ಲೇ ನೀರು ನೋಡುವುದು ವಾಡಿಕೆಯಾಯಿತು. ಇಟ್ಟ ಮೊಟ್ಟೆ ಒಳಗೊಳಗೇ ಆರುತ್ತದೆ, ಆರಿದ ಜಾಗಕ್ಕೆ ಗಾಳಿ ತುಂಬುತ್ತದೆ. ಆಮೇಲೆ ಅದು ಕುಡಿಯುವ ನೀರಿನಲ್ಲೂ ತೇಲುತ್ತದೆ. ಹತ್ತು ವರ್ಷ ಇದು ಯಾರ ಗಮನಕ್ಕೂ ಬರಲಿಲ್ಲ, ಯಾಕೆಂದರೆ ಹತ್ತು ವರ್ಷವೂ ನೀರು ನಿಜವಾಗಿಯೇ ಗಟ್ಟಿ ಇತ್ತು.

ಇದನ್ನೆಲ್ಲ ಅಕ್ಕನಿಗೆ ಕೂಗಿ ಕೂಗಿ ಹೇಳಿದೆ. ಅವಳು ಹಲಗೆಗೆ ನೀರು ಎರಚಿ ತೊಳೆದಳು. ತೊಳೆದಾದ ಮೇಲೆ ಕೇಳಿದಳು.

"ಎಷ್ಟು ದಿನ ಅದೆ?"

"ಎಂಟು ದಿನ."

"ಯಾರು ಹೇಳೂದು? ಮೀಟರೋ, ನೀನೋ?"

"ನಾನೇ ಹೇಳೂದು. ಮೀಟರು ನೋಡುವವ ನಾನು, ಬಾಗಿಲು ತೆಗೆಯುವವ ನಾನು. ಎಂಟು ದಿನ ಅದೆ ಅಂದ್ರೆ ಅದೆ."

"ಹಾಂಗಾರೆ ಹೆಂಚು ಇಳಿಸ್ತೆ," ಅಂದಳು. "ದಿನಕ್ಕೆ ನೂರೈವತ್ತು. ಎಂಟು ದಿನಕ್ಕೆ ಪೂರಾ ಮಾಡು ಖಾಲಿ ಆತದೆ."

ತೆಪ್ಪದ ಮೇಲೆ ಮಂಗಳೂರು ಹೆಂಚಿನ ಮಾಡು ಹಾಕಿದವಳು ತೆಪ್ಪಗಳ ಊರಾದ ಹೊಸಗಜನಿಯಲ್ಲಿ ನನ್ನ ಅಕ್ಕ ಒಬ್ಬಳೇ. ಊರು ಮುಳುಗುವಾಗ ಉಳಿದವರು ಪೆಟ್ಟಿಗೆ, ಪಾತ್ರೆ ಹೊತ್ತರು, ಹಸು ಹೊಡೆದುಕೊಂಡು ಬಂದರು. ಇವಳು ಮನೆಯ ಮಾಡು ಹತ್ತಿ ಹೆಂಚು ಬಿಚ್ಚಿದಳು. ಸಾವಿರದ ಇನ್ನೂರು ಹೆಂಚು, ಒಂದೊಂದು ಎರಡೂವರೆ ಕಿಲೋ. ಹತ್ತು ವರ್ಷ ದಂಡೆಯ ಮೇಲೆ ಗುಡ್ಡೆ ಹಾಕಿಟ್ಟುಕೊಂಡಿದ್ದಳು. ಹಿಂದಿನ ವರ್ಷ ಮಗನ ಮದುವೆಯಾದಾಗ ತೆಪ್ಪದ ಮೇಲೊಂದು ಕೋಣೆ ಏರಿಸಿ, ತಗಡು ಕಿತ್ತು, ಹೆಂಚು ಹೊದೆಸಿದಳು. ಮಗ ಹಡಗಿನ ಕೆಲಸಕ್ಕೆ ಹೋದವನು ಮಳೆಗಾಲ ಕಳೆದು ಬರುವವನಿದ್ದ. ಸೊಸೆ ತಗಡಿನ ಕೆಳಗೆ ಬೇಯಬಾರದು ಎಂಬುದು ಅಕ್ಕನ ಹಟ.

*

ನಾನು ಕೆಲಸ ಮಾಡುವುದು ಅಳಿವೆಯ ಬಾಯಿಯಲ್ಲಿರುವ ಸಿಹಿನೀರ ಘಟಕದಲ್ಲಿ. ಓದಿದ್ದು ಏಳನೆಯ ಕ್ಲಾಸು, ಊರಿನ ಶಾಲೆಯಲ್ಲಿ. ಕೆಲಸ ಬಾಗಿಲು ತೆಗೆಯುವುದು, ಮುಚ್ಚುವುದು. ಬಾಗಿಲೆಂದರೆ ಕಟ್ಟೆಯ ಬಾಗಿಲು. ಕೋಣೆಯಲ್ಲಿ ಕೂತು ಗುಂಡಿ ಒತ್ತಿದರೆ ಸಾಕು.

ಘಟಕ ಸಮುದ್ರದ ನೀರೆಳೆದು ಕುಡಿಯುವ ನೀರನ್ನು ಪೇಟೆಗಳಿಗೆ ಕಳಿಸುತ್ತದೆ. ಉಳಿದ ಕಡು ಉಪ್ಪುನೀರನ್ನು ಮುಳುಗಿದ ಗಜನಿಗೆ ಕಟ್ಟೆ ಕಟ್ಟಿ ಅಲ್ಲಿಗೆ ಬಿಡುತ್ತಿದ್ದರು. ಅದೇ ಹೊಸಗಜನಿ. ಊರು ಕಳೆದುಕೊಂಡ ನಾನೂರು ಮನೆಯವರಿಗೆ ಸರಕಾರ ಅದರ ಮೇಲೇ ತೆಪ್ಪ ಕೊಟ್ಟಿತು. ಮನೆಗೆ ನೂರು ಪೀಪಾಯಿ, ಮೇಲೆ ಹಲಗೆ.

ಆ ನೀರಿನಲ್ಲಿ ಬದುಕುವುದು ಮೊದಮೊದಲು ವಿಚಿತ್ರ. ಮೀನಿಲ್ಲ, ಸೊಳ್ಳೆಯಿಲ್ಲ. ಬಟ್ಟೆ ಒಣಗಿದರೆ ಹಲಗೆಯಂತೆ ನಿಲ್ಲುತ್ತದೆ. ಕಬ್ಬಿಣದ ಮೊಳೆ ಒಂದು ಮಳೆಗಾಲ ಬಾಳುವುದಿಲ್ಲ. ಹಿಮ್ಮಡಿ ಬಿರಿದರೆ ಕೂಡುವುದಿಲ್ಲ. ಆದರೆ ನೀರಿಗೆ ಬಿದ್ದವರು ಯಾರೂ ಮುಳುಗುವುದಿಲ್ಲ, ಬೆಂಡಿನಂತೆ ಮೇಲೆ ಬರುತ್ತಾರೆ. ಸಂಜೆ ಹೆಂಗಸರು ನೀರ ಮೇಲೆ ಅಂಗಾತ ಮಲಗಿ ಮಾತಾಡುತ್ತಿದ್ದರು, ಚಾಪೆಯ ಮೇಲೆ ಮಲಗಿದ ಹಾಗೆ. ಅಲ್ಲಿ ಹುಟ್ಟಿದ ಯಾವ ಮಗುವಿಗೂ ಈಜು ಬರುವುದಿಲ್ಲ. ಈಜಿ ಮಾಡುವುದೇನು?

ಮನೆಗಳೂ ಹಾಗೆಯೇ. ಲೆಕ್ಕ ಸುಲಭ, ನನಗೇ ತಿಳಿದ ಮೇಲೆ ಯಾರಿಗೂ ತಿಳಿಯುತ್ತದೆ. ಪೀಪಾಯಿಗೆ ಇನ್ನೂರು ಲೀಟರು, ನೂರು ಪೀಪಾಯಿಗೆ ಇಪ್ಪತ್ತು ಸಾವಿರ. ಪೂರಾ ಮುಳುಗಿದರೆ ಅಷ್ಟು ನೀರನ್ನು ಪಕ್ಕಕ್ಕೆ ತಳ್ಳುತ್ತವೆ. ತಳ್ಳಿದ ನೀರಿನ ತೂಕ ಎಷ್ಟೋ ಅಷ್ಟು ಭಾರವನ್ನು ನೀರು ಹೊರುತ್ತದೆ, ಅದರ ಮೇಲೆ ಒಂದು ಕಿಲೋ ಇಟ್ಟರೂ ಹೊರುವುದಿಲ್ಲ. ಸಿಹಿನೀರಾದರೆ ಇಪ್ಪತ್ತು ಟನ್ನು. ಸಮುದ್ರದ ನೀರಿನಲ್ಲಿ ಉಪ್ಪು ಕರಗಿ ಕೂತಿರುವುದರಿಂದ ಅದೇ ಅಳತೆಯ ನೀರು ಹೆಚ್ಚು ತೂಗುತ್ತದೆ, ಇಪ್ಪತ್ತೂವರೆ. ಹೊಸಗಜನಿಯ ನೀರು ಇಪ್ಪತ್ತೆರಡು. ಹೀಗೆ ನೀರು ಪುಕ್ಕಟೆ ಕೊಟ್ಟ ಒಂದೂವರೆ ಟನ್ನಿನ ಮೇಲೆ ಜನ ಆಡು ಕಟ್ಟಿದರು, ಒಲೆ ಹಾಕಿದರು, ಕೋಣೆ ಏರಿಸಿದರು. ಅಕ್ಕನ ಮನೆ ಇಪ್ಪತ್ತೊಂದೂವರೆ ಟನ್ನು ತೂಗುತ್ತಿತ್ತು.

ಆ ವರ್ಷ ಮೇಲಿನಿಂದ ಆದೇಶ ಬಂತು. ಕಡು ಉಪ್ಪು ಕಟ್ಟೆಯ ಅಡಿಯಿಂದ ಜಿನುಗಿ ಗುಡ್ಡದ ಬುಡದ ಏಳು ಊರಿನ ಬಾವಿ ಕೆಡಿಸಿತ್ತು. ಆ ಊರಿನ ಹೆಂಗಸರು ಕೊಡ ಹೊತ್ತು ನಮ್ಮ ಗೇಟಿನ ಮುಂದೆ ಕೂತದ್ದನ್ನು ನಾನೇ ನೋಡಿದ್ದೇನೆ. ಅವರದು ಸುಳ್ಳಲ್ಲ. ಸಮುದ್ರದ ಬಾಗಿಲು ತೆಗೆದು ಹೊಸಗಜನಿಯ ನೀರನ್ನು ನಿಧಾನಕ್ಕೆ ತೆಳು ಮಾಡಬೇಕು ಎಂದು ತೀರ್ಮಾನವಾಯಿತು. ತೆಪ್ಪದವರಿಗೆ ಭಾರ ಇಳಿಸಲು ಹೇಳಿ ಎಂದೂ ಬರೆದಿದ್ದರು. ಹೇಳುವ ಕೆಲಸ ನನಗೆ ಬಿತ್ತು.

ಅಕ್ಕನ ಜೊತೆ ಜಗಳವಾಡಿ ಕೋಣೆಗೆ ಬಂದಾಗ ಜಾಲಿಹಾಳ ಸಾಹೇಬರು ಪರದೆಯ ಮುಂದೆ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದರು. ಘಟಕದ ಇಂಜಿನಿಯರು; ವಿಜಯಪುರದ ಕಡೆಯವರು. ಮೂರು ವರ್ಷದಿಂದ ವರ್ಗಕ್ಕೆ ಬರೆದು ಬರೆದು ಸೋತವರು.

"ಏನಂದ್ರೋ ನಿಮ್ಮ ಮಂದಿ?"

ಮೊಟ್ಟೆಯ ಕತೆ ಹೇಳಿದೆ. ನಾತದ ಭಾಗ ಬಂದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಅಕ್ಕನ ಮೇಲಿನ ಸಿಟ್ಟು ಇಳಿಯಲು ಯಾರಾದರೂ ನಗಬೇಕಿತ್ತು.

"ಆ ಮೊಟ್ಟೀಕಿಂತ ಈ ಮಾಪಕ ಏನು ಭಾಳ ಶ್ಯಾಣ್ಯಾ ಅಲ್ಲಪಾ," ಎಂದು ಪರದೆ ತೋರಿಸಿದರು. "ನೋಡಿಲ್ಲೆ. ಬಾಗಲಾ ತಗದು ಆರು ದಿನಾ ಆತು. ಸಾವಿರ ಲೀಟರಿಗೆ ಸಾವಿರದ ನೂರು ಕಿಲೋ ಇದ್ದದ್ದು ಸಾವಿರದ ತೊಂಬತ್ತಾರಕ್ಕ ಬಂದು ಕುಂತದ. ಇಳಿವಲ್ದು. ಮ್ಯಾಲಿಂದ ದಿನಾ ಫೋನು. ಇನ್ನೊಂದು ಬಾಗಲಾ ತಗೀ."

"ಎಂಟು ದಿನ ಅಂತ ಹೇಳಿ ಬಂದಿದ್ದೇನೆ ಸಾಹೇಬ್ರೆ."

"ಎರಡು ಬಾಗಲಾ ತಗದ್ರೂ ಎಂಟು ದಿನಾ ಹಿಡೀತದ. ಅಂಕಿ ನೋಡು, ಅಂಕಿ."

ಅಂಕಿ ನೋಡಿದೆ. ಅಂಕಿ ಅವರ ಮಾತನ್ನೇ ಹೇಳುತ್ತಿತ್ತು. ಎರಡನೆಯ ಬಾಗಿಲು ತೆಗೆದೆ.

*

ಮಾರನೆಯ ದಿನದಿಂದ ಮಳೆ ಹಿಡಿಯಿತು. ಮಳೆಯಲ್ಲೇ ಅಕ್ಕ, ಸಾವಿತ್ರಿ ಹೆಂಚು ಇಳಿಸಿದರು. ಸಾವಿತ್ರಿ ಮಾಡಿನ ಮೇಲೆ, ಅಕ್ಕ ಕೆಳಗೆ. ದೋಣಿಗೆ ಐವತ್ತು ತುಂಬಿಸಿ ದಂಡೆಗೆ ಒಯ್ದು ಜೋಡಿಸಿ ಮತ್ತೆ ಬರಬೇಕು. ನಾನು ಪಾಳಿ ಮುಗಿಸಿ ಹೋಗಿ ಎರಡು ದೋಣಿ ಸಾಗಿಸಿದೆ. ಆಚೆಯ ತೆಪ್ಪದವರು ಕಿಟಕಿಯಿಂದ ಕೂಗಿದರು.

"ಬುದವಂತಕ್ಕಾ, ಮಳೆಯಲ್ಲಿ ಮಾಡು ಬಿಚ್ಚೂದಾ? ತಮ್ಮ ಎಂತ ಕುಡ್ಸಿ ಹೋದಾ?"

"ನಿನ್ನ ಗಂಡ ಕುಡಿದು ಉಳಿಸಿದ್ದೇ!" ಅಕ್ಕ ತಲೆಯೆತ್ತದೆ ಉತ್ತರ ಕೊಟ್ಟಳು.

ಆ ದಿನ ಅವಳು ಖುಷಿಯಲ್ಲೇ ಇದ್ದಳು. ನನ್ನ ಕೈಗೆ ಹೆಂಚು ಕೊಡುತ್ತ ಒಂದೊಂದರ ಬೆನ್ನು ತಿರುಗಿಸಿ ತೋರಿಸುವಳು. ಇದು ಅಡಿಗೆಮನೆಯದು, ಹೊಗೆ ಹಿಡಿದದ್ದು. ಇದು ಪಡಸಾಲೆಯದು. ಇದರ ಮೇಲೆ ಬೆಕ್ಕು ನಡೆದದ್ದು, ಹಸಿ ಇದ್ದಾಗಲೇ, ಕಾರ್ಖಾನೆಯಲ್ಲಿ. ನನಗೆ ಸೊಂಟ ನೋಯುತ್ತಿತ್ತು. "ಬೆಕ್ಕಿನ ಜಾತಕ ಆಮೇಲೆ ಹೇಳು, ಈಗ ಕೊಡು," ಅಂದೆ.

ನಾನು ಹೊರಡುವಾಗ ಅವಳು ತೆಪ್ಪದ ಬದಿಗೆ ಬಗ್ಗಿ ನೋಡಿ ಅಂದಳು, "ಬೊಮ್ಮಾ, ಹೆಂಚು ಇಳಿಸಿದಷ್ಟೂ ತೆಪ್ಪ ಮೇಲೆ ಬರಬೇಕು ಅಲ್ದನಾ? ಬಂದಾಂಗೆ ಕಾಣೂದಿಲ್ಲಪಾ."

"ಮಳೆಗೆ ಹಲಗೆ ನೀರು ಕುಡಿದಿರ್ತದೆ. ಅಂಕಿ ನೋಡಿಯೇ ಬಂದೆ ನಾನು. ತೊಂಬತ್ತೈದರಲ್ಲಿ ಅದೆ."

"ಅಂಕಿ ಹಾಂಗೆ ಹೇಳಿದ್ರೆ ಸರಿ," ಅಂದಳು.

ಬದುಕಿನಲ್ಲಿ ಮೊದಲ ಸಲ ನನ್ನ ಮಾತಿಗೆ ಎದುರು ಹೇಳದೆ ಒಪ್ಪಿಕೊಂಡಿದ್ದಳು. ಅದು ನನಗೆ ಒಳಗೊಳಗೇ ಹಿತವಾಯಿತು. ಸುಳ್ಳು ಯಾಕೆ ಹೇಳಲಿ.

*

ಮೂರನೆಯ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಕೂಗು ಕೇಳಿತು. ಕೋಣೆಯ ಗಾಜಿನಿಂದ ನೋಡಿದರೆ ಅಕ್ಕನ ತೆಪ್ಪದ ಒಂದು ಮೂಲೆ ಕಾಣಲಿಲ್ಲ.

ದೋಣಿ ಹಾಕಿಕೊಂಡು ಹೋದೆ. ನೀರು ಹಲಗೆಯ ಮೇಲೆ ಬಂದಿತ್ತು, ಸದ್ದೇ ಇಲ್ಲದೆ. ಅಲೆಯಿಲ್ಲ, ಗಾಳಿಯಿಲ್ಲ. ಯಾರೋ ಮನೆಯನ್ನು ಮೇಲಿನಿಂದ ಅಂಗೈಯಲ್ಲಿ ಒತ್ತುತ್ತಿದ್ದ ಹಾಗಿತ್ತು. ಅಕ್ಕ ಅರ್ಧ ಬಿಚ್ಚಿದ ಮಾಡಿನ ಮೇಲೆ ಕೂತು ಹೆಂಚು ಕಿತ್ತು ಕಿತ್ತು ನೀರಿಗೆ ಎಸೆಯುತ್ತಿದ್ದಳು. ಅಷ್ಟು ವರ್ಷ ಕಾದಿಟ್ಟ ಹೆಂಚುಗಳನ್ನು. ಅಷ್ಟರಲ್ಲಿ ತೆಪ್ಪ ಓರೆಯಾಗಿ ಸಾವಿತ್ರಿ ನೀರಿಗೆ ಜಾರಿದಳು.

ಬಿದ್ದವಳು ಎಂದಿನಂತೆ ಬೆಂಡಾಗಿ ಮೇಲೆ ಬರಲಿಲ್ಲ. ಕುತ್ತಿಗೆಯ ತನಕ ಇಳಿದಳು, ನೀರು ಕುಡಿದಳು, ಕೈ ಬಡಿದಳು. ಆದರೆ ಅಲ್ಲಿಂದ ಕೆಳಗೂ ಹೋಗಲಿಲ್ಲ. ಕೆಳಗಿನಿಂದ ಯಾರೋ ಕಾಲು ಹಿಡಿದು ನಿಲ್ಲಿಸಿದ ಹಾಗೆ ನೀರಿನಲ್ಲಿ ನೆಟ್ಟಗೆ ನಿಂತಳು. ಜುಟ್ಟು ಹಿಡಿದು ದೋಣಿಗೆ ಎಳೆದುಕೊಂಡೆ. ಕೆಮ್ಮಿ ಕೆಮ್ಮಿ ಅವಳು ಹೇಳಿದ ಮೊದಲ ಮಾತು, "ಮಾವಾ, ನೀರು ಸಪ್ಪೆ ಅದೆ."

ಕೈ ಅದ್ದಿ ನಾಲಿಗೆಗೆ ಇಟ್ಟೆ. ಸಪ್ಪೆ. ಮಳೆನೀರಿಗೆ ಒಂದು ಚಿಟಿಕೆ ಉಪ್ಪು ಬೆರೆಸಿದಷ್ಟು.

ಆ ಕ್ಷಣಕ್ಕೆ ಅಪ್ಪ ಕಣ್ಣ ಮುಂದೆ ಬಂದ. ಅಕಾಲದಲ್ಲಿ ಮಳೆ ಹೊಡೆದರೆ ಅಪ್ಪ ಓಡಿ ಹೋಗಿ ಮಡಿಯ ತೂಬಿನ ಮೇಲಿನ ಹಲಗೆಯನ್ನು ಮಾತ್ರ ತೆಗೆಯುತ್ತಿದ್ದ. ಯಾಕೆಂದರೆ ಸಪ್ಪೆ ನೀರು ಹಗುರ, ಹಾಲಿನ ಮೇಲಿನ ಕೆನೆಯ ಹಾಗೆ ಉಪ್ಪುನೀರಿನ ಮೇಲೆ ಕೂರುತ್ತದೆ. ಕದಡದಿದ್ದರೆ ಬೆರೆಯುವುದೇ ಇಲ್ಲ. ಮೇಲಿನ ಹಲಗೆ ತೆಗೆದರೆ ಸಪ್ಪೆ ಹರಿದು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಇದು ಆಗರದ ನಾಲ್ಕು ವರ್ಷದ ಕೂಸಿಗೂ ಗೊತ್ತು. ನನಗೆ ಗೊತ್ತಿತ್ತು. ಅಕ್ಕನಿಗೆ ಗೊತ್ತಿತ್ತು. ಪರದೆಯ ಮೇಲೆ ಅಂಕಿ ಕಂಡದ್ದೇ ನಾನು ಮರೆತೆ. ನಾನು ಹೇಳಿದೆನೆಂದು ಅವಳು ಮರೆತಳು.

ಅಕ್ಕನನ್ನು ಮಾಡಿನಿಂದ ಇಳಿಸಲು ಬೈಯಬೇಕಾಯಿತು. ಮೂವರೂ ದೋಣಿಯಲ್ಲಿ ಕೂತು ನೋಡಿದೆವು. ಗಂಟೆಗೂ ಮೇಲೆ ಹಿಡಿಯಿತು. ಒಲೆ ಹೋಯಿತು, ಬಾಗಿಲು ಹೋಯಿತು, ಸಾವಿತ್ರಿಯ ಕೋಣೆಯ ಕಿಟಕಿ ಹೋಯಿತು. ಆಚೆಯ ತೆಪ್ಪದವರು ಆಡು, ಒರಳು, ಅಕ್ಕಿಮುಡಿ ನೀರಿಗೆ ನೂಕಿ ಉಳಿದುಕೊಂಡರು. ಅವರದು ತಗಡಿನ ಮಾಡು. ಅಕ್ಕನದು ಓರೆಯಾಗಿ ಪೀಪಾಯಿಗಳು ಕಟ್ಟು ಬಿಚ್ಚಿ ಚದುರಿದ ಮೇಲೆ ಪೂರಾ ತಳ ಕಂಡಿತು.

*

ಮಾರನೆಯ ಬೆಳಿಗ್ಗೆ ಬಾಟಲಿಗೆ ಕಲ್ಲು ಕಟ್ಟಿ, ಹಗ್ಗ ಕಟ್ಟಿ, ಒಂದೊಂದು ಮೊಳಕ್ಕೆ ನೀರೆತ್ತಿ ಜಾಲಿಹಾಳರ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಮಳೆನೀರೂ ಬಾಗಿಲಿಂದ ಬಂದ ನೀರೂ ಬೆರೆಯದೆ ಕೂತ ಮೇಲಿನ ಎರಡು ಮೊಳದ ನೀರು ಸಾವಿರದ ಹತ್ತು. ತಳದ್ದು ಸಾವಿರದ ತೊಂಬತ್ತೈದು. ನಮ್ಮ ಮಾಪಕ ಇದ್ದದ್ದು ತಳದಲ್ಲಿ, ಹಳೆಯ ಕೊಳವೆಯ ಬಾಯಿಯಲ್ಲಿ. ಅದು ಸುಳ್ಳು ಹೇಳಿರಲಿಲ್ಲ. ತಾನಿದ್ದ ಜಾಗದ ನೀರನ್ನು ಹೇಳಿತ್ತು. ಪೀಪಾಯಿಗಳು ಇದ್ದದ್ದು ಮೇಲಿನ ಎರಡು ಮೊಳದಲ್ಲಿ.

ಸಾಹೇಬರು ಒಂದೊಂದೇ ಬಾಟಲಿ ಎತ್ತಿ ನೋಡಿದರು. ಆಮೇಲೆ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದರು. ಅಕ್ಕ ಮುಳುಗುವ ಮುಂಚೆ ನಾನೂರ ನಲವತ್ತು ಹೆಂಚು ಇಳಿಸಿದ್ದಳು. ಮನೆ ಇಪ್ಪತ್ತು ಟನ್ನು ನಾನೂರು ಕಿಲೋಗೆ ಬಂದಿತ್ತು. ನೀರು ಹೊರುತ್ತಿದ್ದುದು ಇಪ್ಪತ್ತು ಟನ್ನು ಇನ್ನೂರು.

"ಎಂಬತ್ತು ಹೆಂಚು," ಅಂದರು. "ಇನ್ನೂ ಎಂಬತ್ತು ಇಳಿಸಿದ್ರ ಉಳೀತಿತ್ತು."

ಅಷ್ಟೇ. ಅವಳಿಗೆ ಅರ್ಧ ದಿನದ ಕೆಲಸ.

ಮಧ್ಯಾಹ್ನ ಒಂದು ವರದಿ ಟೈಪು ಮಾಡಿಸಿ ತಂದು ನನ್ನ ಮುಂದಿಟ್ಟರು. ಓದಿದೆ. ನಿವಾಸಿಗಳಿಗೆ ಮುಂಚಿತವಾಗಿ ತಿಳಿಸಲಾಗಿತ್ತು. ತೂಕ ಇಳಿಸಲು ಸೂಚಿಸಲಾಗಿತ್ತು. ಸದರಿ ಮನೆಯವರು ಮೊಟ್ಟೆ ತೇಲಿಸಿ ನೋಡುವ ಹಳೆಯ ಪದ್ಧತಿಯನ್ನು ನಂಬಿ ತಡಮಾಡಿದ್ದರಿಂದ ಮನೆ ಮುಳುಗಿತು. ಕೆಳಗೆ ನನ್ನ ಹೆಸರು, ಸಹಿಗೆ ಜಾಗ.

"ಮಾಪಕದ ವಿಷಯ ಇಲ್ಲವಲ್ಲ?"

"ಬರದ್ರ ನಂದೂ ಹೋಗ್ತದ, ನಿಂದೂ ಹೋಗ್ತದ. ಎರಡನೇ ಬಾಗಲಾ ತಗದಾಂವ ಯಾರು ಅಂತ ಕೇಳ್ತಾರ. ಗುಂಡಿ ಒತ್ತಿದ ಬಟ್ಟು ನಿಂದು, ಬೊಮ್ಮಯ್ಯ." ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಮಾಪಕ ನಾಳೇನೇ ಮ್ಯಾಲೆ ತರಸ್ತೀನಿ. ಉಳದ ಮನಿ ಉಳೀತಾವ. ಇದರಾಗ ಸುಳ್ಳು ಏನದ, ಹೇಳು?"

ಸುಳ್ಳು ಏನೂ ಇರಲಿಲ್ಲ. ಮೊಟ್ಟೆಯ ಕತೆ ನಾನೇ ನಗುತ್ತ ಹೇಳಿದ್ದು. ಸಹಿ ಹಾಕಿದೆ.

*

ಅಕ್ಕ, ಸಾವಿತ್ರಿ ನಮ್ಮ ಕ್ವಾರ್ಟರ್ಸಿನಲ್ಲೇ ಇದ್ದರು. ಘಟಕದ ಹಿಂದೆ ಗಟ್ಟಿ ನೆಲದ ಮೇಲೆ ಎರಡು ಕೋಣೆಯ ಮನೆ. ಎಷ್ಟು ದಿನವಾದರೂ ಇರಿ ಎಂದು ನನ್ನ ಹೆಂಡತಿ ಗುಲಾಬಿ ಮನಸ್ಸಿನಿಂದಲೇ ಹೇಳಿದ್ದಳು. ಅಕ್ಕ ಅಲ್ಲಿ ನಡೆಯುವಾಗ ಗೋಡೆ ಹಿಡಿಯುತ್ತಿದ್ದಳು. ಅಲುಗದ ನೆಲ ಕಾಲಿಗೆ ಮರೆತು ಹೋಗಿತ್ತು.

ನಾನು ಬಂದಾಗ ಗುಲಾಬಿ ಗಂಜಿ ಬಡಿಸುತ್ತಿದ್ದಳು. ಅಕ್ಕ ಕೇಳಿದಳು.

"ಪರಿಹಾರಕ್ಕೆ ವರದಿ ಹೋಗಬೇಕು ಅಂತಿದ್ರು. ಹೋಯ್ತಾ?"

"ಹೋಯ್ತು."

"ಎಂತ ಬರದ್ರು?"

ನಾನು ಕೈ ತೊಳೆಯುತ್ತಿದ್ದೆ. ತೊಳೆಯುತ್ತಲೇ ಇದ್ದೆ. ಗುಲಾಬಿ ನನ್ನ ಮುಖ ನೋಡಿದಳು.

"ಹೇಳಾ. ನನ್ನ ಮನೆ ವಿಷಯ ಅಲ್ದಾ?"

ಹೇಳಿದೆ. ಬರೆದಿದ್ದನ್ನು ಬರೆದ ಹಾಗೆಯೇ. ಅಕ್ಕ ಪೂರಾ ಕೇಳಿದಳು.

"ಎಂಟು ದಿನ ಅದೆ ಅಂತ ನೀ ಹೇಳಿದ್ದು ಅದ್ರಲ್ಲಿ ಅದ್ಯಾ?"

"ಇಲ್ಲ."

"ಮೊಟ್ಟೆ ಒಡೆದು ಹಾಕಿದ ಮೇಲೆ ನಾ ನಿನ್ನ ಮಾತೇ ನಂಬಿದ್ದೆ ಅಂತ ಅದ್ಯಾ?"

"ಅಕ್ಕಾ, ನನ್ನ ಕೆಲಸ ಹೋಗ್ತಿತ್ತು. ಈ ಮನೆ ಹೋಗ್ತಿತ್ತು. ಆಮೇಲೆ ನಿನ್ನನ್ನು ಎಲ್ಲಿ ಇಟ್ಟುಕೊಳ್ಳಲಿ ನಾನು?"

ಅವಳು ಗಂಜಿಯ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಗುಲಾಬಿಯ ಮುಂದೆ ಇಟ್ಟಳು, ಒಂದು ಹನಿ ಚೆಲ್ಲದ ಹಾಗೆ.

"ಕೋಪ ಮಾಡ್ಕೋಬೇಡಿ ಅತ್ತಿಗೆ. ಉಂಡು ಮಾತಾಡಿ," ಗುಲಾಬಿ ಅಂದಳು.

"ನಿನ್ನ ಮೇಲೆ ಎಂತ ಕೋಪನೆ? ಗಂಜಿ ಚಲೋ ಅದೆ," ಅಂದು ಅಕ್ಕ ಎದ್ದಳು. ಸಾವಿತ್ರಿಯತ್ತ ತಿರುಗಿ, "ನೀ ಇಲ್ಲೇ ಇರು. ನಿನ್ನ ಗಂಡ ಬಂದ್ರೆ ಇಲ್ಲಿಗೇ ಬತ್ತಾ," ಅಂದಳು.

ಒಂದು ಬೈಗುಳವಾದರೂ ಬೈದಿದ್ದರೆ ನಾನು ತಿರುಗಿ ಬೈದು ಹಗುರಾಗುತ್ತಿದ್ದೆ. ನಲವತ್ತೆಂಟು ವರ್ಷ ನಾವಿಬ್ಬರೂ ಹಾಗೇ ಬದುಕಿದವರು. ಶಾಲೆಯ ಚೀಲಕ್ಕೆ, ಅಪ್ಪನ ಹೆಣ ಎತ್ತುವ ಹೊತ್ತಿಗೆ, ಎಲ್ಲದಕ್ಕೂ ಜಗಳ. ಸಂಜೆಯೊಳಗೆ ಒಬ್ಬರ ಮನೆಗೆ ಇನ್ನೊಬ್ಬರು ಏನಾದರೂ ಕೇಳುವ ನೆವದಲ್ಲಿ ಹೋಗುತ್ತಿದ್ದೆವು. ಅವಳು ಬೈಯಲಿಲ್ಲ. ಹೊಸ್ತಿಲು ದಾಟಿದಳು. ನಾನು ಬಾಗಿಲಲ್ಲಿ ನಿಂತು ಕೂಗಿದೆ.

"ಹೋಗು ಹಾಂಗಾರೆ! ಹೋಗು! ತಿರುಗಿ ಈ ಮನೆಗೆ ಬರಬೇಡ!"

ಗೇಟಿನ ಆಚೆ ಘಟ್ಟಕ್ಕೆ ಹೋಗುವ ಬಸ್ಸು ನಿಂತಿತ್ತು. ಗೋಡೆ ಹಿಡಿಯದೆ, ನೆಲ ನೋಡಿಕೊಂಡು ನಿಧಾನಕ್ಕೆ ನಡೆದು ಹತ್ತಿದಳು. ಸಂಜೆಯ ಬಸ್ಸಿಗೆ ಬರುತ್ತಾಳೆ ಅಂದುಕೊಂಡು ಗುಲಾಬಿ ಅಕ್ಕಿ ಹೆಚ್ಚು ಹಾಕಿದಳು. ಅಕ್ಕ ಬರಲಿಲ್ಲ. ಮಳೆಗಾಲ ಕಳೆದು ಅವಳ ಮಗ ಬಂದು ಮೂರು ತಾಲೂಕು ಹುಡುಕಿ, ಅವಳು ಸಿಗದೆ ಹೆಂಡತಿಯನ್ನು ಕರೆದುಕೊಂಡು ಹೋದ. ಅದಾಗಿ ಎರಡು ಮಳೆಗಾಲ ಕಳೆದಿವೆ.

ನಾನು ಸಿಟ್ಟಿನಲ್ಲಿ ಆಡಿದ ಯಾವ ಮಾತನ್ನೂ ಅಕ್ಕ ಕಿವಿಗೆ ಹಾಕಿಕೊಂಡವಳಲ್ಲ. ಅದೊಂದನ್ನು ಹಾಕಿಕೊಂಡಳು.